ಬಹುಧ್ರುವ ಪ್ರಪಂಚ: ಯಲಹಂಕದ ಬಯಲಿನಿಂದ ಒಂದು ನೋಟ

ಎರಡು ವರ್ಷಗಳಿಗೊಮ್ಮೆ ಫೆಬ್ರವರಿ ತಿಂಗಳು ಬಂತೆಂದರೆ ಯಲಹಂಕದ ಸುತ್ತಮುತ್ತ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ಆಕಾಶದ ಸ್ವರೂಪವೇ ಬದಲಾಗಿಬಿಡುತ್ತದೆ. ವಾಯುನೆಲೆಯ ಕಡೆಯಿಂದ ಏಳುವ ಗುಡುಗಿನಂಥ ಸದ್ದಿಗೆ ಕಿಟಕಿಯ ಗಾಜುಗಳು ನಡುಗುತ್ತವೆ. ಹದ್ದುಗಳು ವಿಮಾನಗಳಿಗೆ ಅಡ್ಡ ಬಾರದಿರಲೆಂದು ಸುತ್ತಲಿನ ಮಾಂಸದ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಶಾಲೆಗೆ ಹೊರಟ ಮಕ್ಕಳು ದಾರಿಯಲ್ಲೇ ನಿಂತು ಕತ್ತು ಹಿಂದಕ್ಕೆ ಬಾಗಿಸಿ ನೋಡುತ್ತಾರೆ. ಮಹಡಿಯ ಮೇಲೆ ನಿಂತು ನೋಡುವ ಮುದುಕರಲ್ಲಿ ನಾನೂ ಒಬ್ಬ. 1996ರಲ್ಲಿ ಆರಂಭವಾದ ಈ ವೈಮಾನಿಕ ಪ್ರದರ್ಶನ 2025ರಲ್ಲಿ ಹದಿನೈದನೆಯ ಸಲ ನಡೆಯಿತು.

ಆ ವರ್ಷದ ಫೆಬ್ರವರಿ 10ರಿಂದ 14ರವರೆಗೆ ನಡೆದ ಪ್ರದರ್ಶನದಲ್ಲಿ ಒಂದು ವಿಶೇಷವಿತ್ತು. ರಷ್ಯದ ಸುಖೋಯ್-57 ಹಾಗೂ ಅಮೆರಿಕದ ಎಫ್-35 ಎಂಬ ಎರಡು ಯುದ್ಧವಿಮಾನಗಳು ಯಲಹಂಕದ ಒಂದೇ ನೆಲದ ಮೇಲೆ ಇಳಿದುವು. ರಾಡಾರಿನ ಕಣ್ಣಿಗೆ ಸುಲಭವಾಗಿ ಬೀಳದಂತೆ ರೂಪುಗೊಂಡ ಈ ಎರಡು ವಿಮಾನಗಳನ್ನೂ ಪರಸ್ಪರ ಎದುರಾಳಿಗಳೆಂದೇ ಲೋಕ ಎಣಿಸುತ್ತದೆ. ಉಕ್ರೇನಿನ ಯುದ್ಧ ಇನ್ನೂ ನಡೆಯುತ್ತಿದ್ದ ಕಾಲ ಅದು. ರಷ್ಯದವರು ತಮ್ಮ ವಿಮಾನವನ್ನು ಭಾರತದಲ್ಲಿಯೇ ತಯಾರಿಸಬಹುದೆಂದರು. ಅದೇ ವಾರ, ಫೆಬ್ರವರಿ 13ರಂದು, ವಾಷಿಂಗ್ಟನ್ನಿನಲ್ಲಿ ನಮ್ಮ ಪ್ರಧಾನಿಯವರು ಪಕ್ಕದಲ್ಲಿರುವಾಗಲೇ ಅಮೆರಿಕದ ಅಧ್ಯಕ್ಷ ಟ್ರಂಪ್ ಅವರು, ಎಫ್-35 ವಿಮಾನಗಳು ಭಾರತಕ್ಕೆ ದೊರೆಯುವ ದಾರಿಯನ್ನು ತೆರೆಯುತ್ತೇವೆಂದು ಸಾರಿದರು. ಇವೆರಡರ ನಡುವೆ, ಅದೇ ಪ್ರದರ್ಶನದಲ್ಲಿ, ಬೆಂಗಳೂರಿನ ನಮ್ಮ ವಿಜ್ಞಾನಿಗಳು ರೂಪಿಸುತ್ತಿರುವ ಇಂಥದೇ ವಿಮಾನದ ಪೂರ್ಣಾಕಾರದ ಮಾದರಿಯೊಂದು ನಿಂತಿತ್ತು. ಅದಿನ್ನೂ ಮಾದರಿ, ಹಾರುವುದಕ್ಕೆ ಕಾಲ ಬೇಕು.

ಬಂದ ಅತಿಥಿಗಳಿಬ್ಬರೂ ಹಾರಬಲ್ಲರು, ಮನೆಯ ಮಗು ಇನ್ನೂ ಹಾರಲಾರದು ಎಂಬ ಈ ಚಿತ್ರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಇಂದು ಪತ್ರಿಕೆಗಳಲ್ಲಿ ‘ಬಹುಧ್ರುವ ಪ್ರಪಂಚ’ ಎಂಬ ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಒಬ್ಬನೇ ಯಜಮಾನನಿದ್ದ ಕಾಲ ಮುಗಿಯಿತು, ಇನ್ನು ಹಲವು ಬಲಗಳ ಪ್ರಪಂಚ, ಇದರಿಂದ ನಮ್ಮಂಥ ದೇಶಗಳಿಗೆ ಒಳಿತೇ ಆಗುತ್ತದೆ ಎಂಬುದು ಆ ಮಾತಿನ ಹಿಂದಿರುವ ಆಶ್ವಾಸನೆ. ಈ ಆಶ್ವಾಸನೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಇಂದು ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ. ನಾನು ರಾಜ್ಯಶಾಸ್ತ್ರದ ಪಂಡಿತನಲ್ಲ, ಕನ್ನಡದ ಮೇಷ್ಟರು. ಆದುದರಿಂದ ಮೊದಲು ಪದವನ್ನೇ ಹಿಡಿಯುತ್ತೇನೆ.

‘ಧ್ರುವ’ ಎಂದರೆ ಅಲುಗಾಡದುದು, ನಿಶ್ಚಲವಾದುದು. ಉತ್ತಾನಪಾದ ರಾಜನ ಮಗ ಧ್ರುವನ ಕಥೆ ನಮ್ಮಲ್ಲಿ ಕೇಳದವರಿಲ್ಲ. ತಂದೆಯ ತೊಡೆಯೇರಲು ಹೋದ ಹುಡುಗನನ್ನು ಮಲತಾಯಿ ತಡೆದಳು. ಅವನು ಕಾಡಿಗೆ ಹೋಗಿ ತಪಸ್ಸು ಮಾಡಿ, ಯಾರೂ ಕದಲಿಸಲಾಗದ ಸ್ಥಾನವೊಂದನ್ನು ಆಕಾಶದಲ್ಲಿ ಪಡೆದ. ಹೀಗೆ ನಮ್ಮ ಭಾಷೆಯಲ್ಲಿ ಧ್ರುವ ಒಂದೇ. ಭೂಗೋಳ ಶಾಸ್ತ್ರದವರೂ ಅಯಸ್ಕಾಂತದ ಶಾಸ್ತ್ರದವರೂ ಅದನ್ನು ಎರಡು ಮಾಡಿದರು. ರಾಜಕಾರಣದವರು ಈಗ ಹಲವು ಮಾಡಿದ್ದಾರೆ. ಅವರ ಅರ್ಥದಲ್ಲಿ ಧ್ರುವವೆಂದರೆ ತನ್ನ ರಕ್ಷಣೆಗಾಗಿ ಇನ್ನೊಬ್ಬರ ಮುಖ ನೋಡಬೇಕಾಗಿಲ್ಲದ, ತನ್ನ ಸುತ್ತ ಇತರರನ್ನು ಸೆಳೆದು ನಿಲ್ಲಿಸಿಕೊಳ್ಳಬಲ್ಲ ಬಲ.

ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದ ಮೇಲೆ ಇಂಥ ಬಲಗಳು ಎರಡೇ ಉಳಿದುವು: ಅಮೆರಿಕ ಮತ್ತು ಸೋವಿಯತ್ ಒಕ್ಕೂಟ. 1949ರಲ್ಲಿ ನ್ಯಾಟೋ ಕೂಟ, 1955ರಲ್ಲಿ ವಾರ್ಸಾ ಕೂಟ ಹುಟ್ಟಿದುವು. ಯಾವ ಕೂಟಕ್ಕೂ ಸೇರಲೊಲ್ಲದ ದೇಶಗಳು 1961ರಲ್ಲಿ ಬೆಲ್‌ಗ್ರೇಡಿನಲ್ಲಿ ಕಲೆತು ಅಲಿಪ್ತ ಚಳವಳಿಗೆ ರೂಪ ಕೊಟ್ಟುವು. 1991ರ ಕೊನೆಗೆ ಸೋವಿಯತ್ ಒಕ್ಕೂಟ ಒಡೆದುಹೋಯಿತು. ಅನಂತರದ ಕೆಲವು ವರ್ಷ ಅಮೆರಿಕದ್ದು ಊರಿಗೊಬ್ಬಳೇ ಪದ್ಮಾವತಿ ಎಂಬಂಥ ಸ್ಥಿತಿ. ಆಮೇಲೆ ಚೀನ ಬೆಳೆಯಿತು. 2010ರಲ್ಲಿ ಜಪಾನನ್ನು ಹಿಂದಿಕ್ಕಿ ಎರಡನೆಯ ದೊಡ್ಡ ಆರ್ಥಿಕ ಶಕ್ತಿಯಾಯಿತು. 2009ರಲ್ಲಿ ರಷ್ಯದ ಎಕಟರಿನ್‌ಬರ್ಗಿನಲ್ಲಿ ಭಾರತ, ಚೀನ, ರಷ್ಯ, ಬ್ರೆಜಿಲ್ ದೇಶಗಳ ನಾಯಕರು ಮೊದಲ ಬಾರಿಗೆ ಶೃಂಗಸಭೆ ನಡೆಸಿದರು. ದಕ್ಷಿಣ ಆಫ್ರಿಕ ಆಮೇಲೆ ಸೇರಿತು. 2024ರಿಂದ ಈಚೆಗೆ ಈಜಿಪ್ಟ್, ಇಥಿಯೋಪಿಯ, ಇರಾನ್, ಸಂಯುಕ್ತ ಅರಬ್ ಎಮಿರೇಟ್ಸ್, ಇಂಡೋನೇಷ್ಯಗಳೂ ಸೇರಿದುವು.

ಈ ಬದಲಾವಣೆಯನ್ನು ನಾವು ಬೆಂಗಳೂರಿನಲ್ಲೇ ಕಂಡಿದ್ದೇವೆ. 2023ರ ಫೆಬ್ರವರಿಯಲ್ಲಿ ಜಿ-20 ರಾಷ್ಟ್ರಗಳ ಹಣಕಾಸು ಮಂತ್ರಿಗಳು ಇಲ್ಲಿ ಸಭೆ ಸೇರಿದರು. ಉಕ್ರೇನಿನ ಯುದ್ಧವನ್ನು ಕುರಿತ ವಾಕ್ಯಗಳಿಗೆ ರಷ್ಯ ಮತ್ತು ಚೀನ ಒಪ್ಪಲಿಲ್ಲ. ಎಲ್ಲರೂ ಸಹಿ ಮಾಡಬಹುದಾದ ಒಂದು ಹೇಳಿಕೆ ಹೊರಡಲಿಲ್ಲ. ಅಧ್ಯಕ್ಷತೆ ವಹಿಸಿದ್ದ ಭಾರತವೇ ಸಭೆಯ ಸಾರಾಂಶವನ್ನು ಪ್ರಕಟಿಸಬೇಕಾಯಿತು. ಹಲವು ಧ್ರುವಗಳೆಂದರೆ ಹಲವು ಒಪ್ಪಿಗೆಗಳು ಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಆದರೆ ಹಲವು ಬಲಗಳ ಪ್ರಪಂಚ ಹೊಸದೇನೂ ಅಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯ ಚಕ್ರವರ್ತಿ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ. ಸಂಧಿಯೆಂದರೆ ಒಪ್ಪಂದ, ವಿಗ್ರಹವೆಂದರೆ ಯುದ್ಧ. ಇವೆರಡಕ್ಕೂ ಒಬ್ಬನೇ ಅಧಿಕಾರಿ, ಒಂದೇ ಪದ. ಸುತ್ತ ಚೋಳರು, ಪರಮಾರರು ಮೊದಲಾದ ಬಲಗಳಿದ್ದಾಗ ಇಂದಿನ ಮಿತ್ರ ನಾಳೆ ಶತ್ರುವಾಗಬಹುದು ಎಂಬ ಅರಿವು ಆ ಹುದ್ದೆಯ ಹೆಸರಿನಲ್ಲೇ ಇದೆ. ಕೌಟಿಲ್ಯನ ಆರು ನೀತಿಗಳಲ್ಲಿ ಕೊನೆಯದು ದ್ವೈಧೀಭಾವ: ಒಬ್ಬನೊಡನೆ ಸಂಧಿ, ಇನ್ನೊಬ್ಬನೊಡನೆ ವಿಗ್ರಹ. ಇಂದು ‘ಎಲ್ಲರೊಡನೆಯೂ ಸಂಬಂಧ, ಯಾರೊಡನೆಯೂ ಕಟ್ಟಲ್ಲ’ ಎಂದು ಹೇಳುವ ವಿದೇಶಾಂಗ ನೀತಿಯ ಬೇರು ಬಹಳ ಹಳೆಯದು.

ಈ ನೀತಿಯಿಂದ ಚಿಕ್ಕವರಿಗೆ ಒಳಿತಾಯಿತೇ? ಯಲಹಂಕದ ನೆಲವನ್ನೇ ಕೇಳೋಣ. ಯಲಹಂಕ ನಾಡಪ್ರಭುಗಳು ವಿಜಯನಗರದ ನೆರಳಿನಲ್ಲಿ ಬೆಳೆದವರು. ಆ ವಂಶದ ಕೆಂಪೇಗೌಡರು 1537ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟಿದರೆಂಬುದು ಪ್ರಸಿದ್ಧವಾಗಿದೆ. 1565ರ ರಕ್ಕಸ-ತಂಗಡಿ ಯುದ್ಧದ ಅನಂತರ ಆ ನೆರಳು ಸರಿಯಿತು. ಮುಂದೆ ಈ ಸೀಮೆಯ ಮೇಲೆ ಬಿಜಾಪುರ, ಮರಾಠರು, ಮೊಗಲರು, ಮೈಸೂರಿನವರು, ಹೀಗೆ ಹಲವರ ಕಣ್ಣು ಬಿತ್ತು. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನೂ ಷಹಾಜಿಯೂ ಬಂದು ಬೆಂಗಳೂರನ್ನು ಗೆದ್ದರು. ಅಂದಿನ ಕೆಂಪೇಗೌಡರು ಮಾಗಡಿಯ ಕಡೆಗೆ ಸರಿದರು. ಬೆಂಗಳೂರು ಷಹಾಜಿಯ ಜಹಗೀರಾಯಿತು. 1687ರಲ್ಲಿ ಮೊಗಲ್ ಸೇನಾನಿ ಕಾಸಿಂಖಾನ್ ಊರನ್ನು ಹಿಡಿದ. ಕೆಲವೇ ವರ್ಷಗಳಲ್ಲಿ ಅದು ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈಸೇರಿತೆಂದು ಇತಿಹಾಸಕಾರರು ಬರೆದಿದ್ದಾರೆ. ಸುಮಾರು ಐವತ್ತು ವರ್ಷಗಳಲ್ಲಿ ಒಂದೇ ಊರಿಗೆ ನಾಲ್ವರು ಒಡೆಯರು! ಬಲಗಳು ಹಲವಿದ್ದುವು, ಆದರೆ ಊರಿನ ಆಯ್ಕೆಯೆಂಬುದು ಅದರಲ್ಲಿ ಇರಲಿಲ್ಲ. ಮಾಗಡಿಯಲ್ಲಿ ಉಳಿದಿದ್ದ ಆ ಮನೆತನದ ಆಳ್ವಿಕೆಯೂ 1728ರಲ್ಲಿ ಮೈಸೂರಿನ ಕೈಯಲ್ಲಿ ಮುಗಿಯಿತು.

ಮೈಸೂರಾದರೋ ಚಿಕ್ಕ ಪಾಳೆಯಪಟ್ಟಲ್ಲ. ಹೈದರಾಲಿ, ಟಿಪ್ಪುಸುಲ್ತಾನರ ಕಾಲದಲ್ಲಿ ಅದೇ ಒಂದು ಬಲ. ಸುತ್ತ ಮರಾಠರು, ನಿಜಾಮ, ಇಂಗ್ಲಿಷ್ ಕಂಪೆನಿ, ಫ್ರೆಂಚರು. ಅದು ಅಂದಿನ ಬಹುಧ್ರುವ ಪ್ರಪಂಚ. 1769ರ ಮದರಾಸಿನ ಒಪ್ಪಂದದಲ್ಲಿ ಹೈದರನೂ ಕಂಪೆನಿಯೂ ಪರಸ್ಪರ ನೆರವಾಗುವುದಾಗಿ ಮಾತಾಯಿತು. ಮುಂದೆ ಮರಾಠರು ಮೈಸೂರಿನ ಮೇಲೆ ಏರಿಬಂದಾಗ ಕಂಪೆನಿ ಕದಲಲಿಲ್ಲ. ಹೈದರ್ ಫ್ರೆಂಚರತ್ತ ತಿರುಗಿದ. 1783ರಲ್ಲಿ ಟಿಪ್ಪು ಮಂಗಳೂರಿನ ಕೋಟೆಯನ್ನು ಮುತ್ತಿದ್ದಾಗ ಫ್ರೆಂಚ್ ಪಡೆ ಅವನ ಜೊತೆಗಿತ್ತು. ಮುತ್ತಿಗೆ ನಡೆದಿರುವಾಗಲೇ ಯೂರೋಪಿನಿಂದ ಸುದ್ದಿ ಬಂತು: ಫ್ರಾನ್ಸಿಗೂ ಇಂಗ್ಲೆಂಡಿಗೂ ಶಾಂತಿಯಾಗಿದೆ ಎಂದು. ಫ್ರೆಂಚರು ಕಾಳಗದಿಂದ ಹಿಂದೆ ಸರಿದರು. ಟಿಪ್ಪು ಒಂಟಿಯಾಗಿ ಉಳಿದ. ಮಂಗಳೂರಿನ ಮಣ್ಣಿನಲ್ಲಿ ಯುದ್ಧ ಮಾಡುತ್ತಿದ್ದವರ ಹಣೆಬರಹ ಯೂರೋಪಿನಲ್ಲಿ ತೀರ್ಮಾನವಾಗಿತ್ತು. 1790ರಲ್ಲಿ ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಒಂದಾದರು, 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆ ಬಿತ್ತು, ಮರುವರ್ಷ ಅರ್ಧ ರಾಜ್ಯ ಹೋಯಿತು, 1799ರಲ್ಲಿ ಶ್ರೀರಂಗಪಟ್ಟಣ.

ಆ ಸೋಲಿನಲ್ಲಿಯೂ ಒಂದು ಸಂಗತಿಯನ್ನು ಗಮನಿಸಬೇಕು. ಮೈಸೂರಿನವರು ತಾವೇ ಮಾಡಿಕೊಂಡಿದ್ದ, ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಇಂಗ್ಲಿಷರು ತಮ್ಮ ದೇಶಕ್ಕೆ ಸಾಗಿಸಿ ಅಭ್ಯಾಸ ಮಾಡಿದರು. ಮಿತ್ರರು ಕೊಟ್ಟ ಮಾತು ಗಾಳಿಗೆ ಹೋಯಿತು. ಸ್ವಂತವಾಗಿ ಕಲಿತ ಕೆಲಸಕ್ಕೆ ಶತ್ರುವೂ ಬೆಲೆ ಕೊಟ್ಟ. ಈ ಎಳೆಯನ್ನು ಹಿಡಿದು ನಮ್ಮ ಕಾಲಕ್ಕೆ ಬರೋಣ. ಯಲಹಂಕದಿಂದ ಯಶವಂತಪುರವನ್ನು ದಾಟಿದರೆ ಪೀಣ್ಯ.

1972ರ ಮೇ ತಿಂಗಳಲ್ಲಿ ನಮ್ಮ ಬಾಹ್ಯಾಕಾಶ ಸಂಸ್ಥೆಗೂ ಸೋವಿಯತ್ ವಿಜ್ಞಾನ ಅಕಾಡೆಮಿಗೂ ಒಪ್ಪಂದವಾಯಿತು: ಉಪಗ್ರಹ ನಮ್ಮದು, ಅದನ್ನು ಹಾರಿಸುವ ರಾಕೆಟ್ ಅವರದು. ಉಡುಪಿಯ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ಪ್ರೊಫೆಸರ್ ಯು. ಆರ್. ರಾವ್ ಅವರ ನೇತೃತ್ವದಲ್ಲಿ, ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ, ಅದುವರೆಗೆ ಉಪಗ್ರಹವೊಂದನ್ನು ಮಾಡಿ ಅರಿಯದ ತರುಣರು ‘ಆರ್ಯಭಟ’ವನ್ನು ಕಟ್ಟಿದರು. ಸುಮಾರು 360 ಕಿಲೋಗ್ರಾಂ ತೂಕದ ಅದು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದ ಕಪುಸ್ತಿನ್ ಯಾರ್‌ನಿಂದ ಮೇಲೇರಿತು. ನಾನಾಗ ಪ್ರೌಢಶಾಲೆಯ ಹುಡುಗ. ಊರಿನ ಅಂಗಡಿಯ ರೇಡಿಯೋದ ಸುತ್ತ ಗುಂಪುಗೂಡಿ ಸುದ್ದಿ ಕೇಳಿದುದು ನೆನಪಿದೆ. ಕೆಲವೇ ದಿನಗಳಲ್ಲಿ ವಿದ್ಯುತ್ತಿನ ತೊಂದರೆಯಿಂದ ಅದರ ಪ್ರಯೋಗಗಳು ನಿಂತುವು. ಆದರೂ ಅದರ ಚಿತ್ರ ಎರಡು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಬಹುಕಾಲ ನಮ್ಮ ಜೇಬುಗಳಲ್ಲಿ ಓಡಾಡಿತು.

ಅಲ್ಲಿಂದ ಮುಂದಿನ ಹದಿಮೂರು ವರ್ಷ ಕುತೂಹಲಕರವಾದುವು. 1981ರ ಜೂನ್ 19ರಂದು ನಮ್ಮ ‘ಆಪಲ್’ ಉಪಗ್ರಹವನ್ನು ಯೂರೋಪಿನವರ ಏರಿಯಾನ್ ರಾಕೆಟ್ ಒಯ್ದಿತು. 1982ರಲ್ಲಿ ಇನ್ಸಾಟ್-1ಎ ಅಮೆರಿಕದ ಡೆಲ್ಟಾ ರಾಕೆಟ್ಟಿನಲ್ಲಿಯೂ, 1983ರಲ್ಲಿ ಇನ್ಸಾಟ್-1ಬಿ ಅಮೆರಿಕದ ಚಾಲೆಂಜರ್ ನೌಕೆಯಲ್ಲಿಯೂ ಹೋದುವು. 1988ರ ಮಾರ್ಚ್ 17ರಂದು ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಮತ್ತೆ ಸೋವಿಯತ್ ರಾಕೆಟ್ಟಿನಲ್ಲಿ. ಶೀತಲ ಸಮರದ ನಡುವೆ ಇಬ್ಬರು ಹಗೆಗಳ ಮನೆಯಲ್ಲೂ ಊಟ ಮಾಡಿ ಬಂದ ಅತಿಥಿಯಂತೆ ನಮ್ಮ ಉಪಗ್ರಹಗಳು ಹೋಗಿಬಂದುವು. ಒಂದಕ್ಕಿಂತ ಹೆಚ್ಚು ಬಾಗಿಲುಗಳಿದ್ದುದರಿಂದ ಆದ ಲಾಭ ಇದು. ಇದನ್ನು ಅಲ್ಲಗಳೆಯುವವನು ನಾನಲ್ಲ.

ಆದರೆ ಬಾಗಿಲು ತೆರೆದವರು ಮುಚ್ಚಲೂ ಬಲ್ಲರು. ಭಾರವಾದ ಉಪಗ್ರಹವನ್ನು ಎತ್ತರಕ್ಕೆ ಒಯ್ಯಬೇಕಾದರೆ ಕ್ರಯೋಜೆನಿಕ್ ಎಂಜಿನ್, ಎಂದರೆ ಅತಿಶೀತ ಎಂಜಿನ್, ಬೇಕು. ಸೊನ್ನೆಗಿಂತ 253 ಡಿಗ್ರಿ ಕೆಳಗೆ ದ್ರವವಾಗಿರುವ ಜಲಜನಕವನ್ನೂ, 183 ಡಿಗ್ರಿ ಕೆಳಗೆ ದ್ರವವಾಗಿರುವ ಆಮ್ಲಜನಕವನ್ನೂ ತೊಟ್ಟಿಗಳಲ್ಲಿ ಹಿಡಿದಿಟ್ಟು, ಮರುಗಳಿಗೆಯಲ್ಲಿ ಅವುಗಳಿಂದಲೇ ಬೆಂಕಿಯುಗುಳಿಸುವ ಕಠಿಣ ವಿದ್ಯೆ ಅದು. 1991ರಲ್ಲಿ ಎಂಜಿನ್ನುಗಳ ಜೊತೆಗೆ ಆ ವಿದ್ಯೆಯನ್ನೂ ಕೊಡಲು ಸೋವಿಯತ್ ಸಂಸ್ಥೆ ಗ್ಲಾವ್‌ಕಾಸ್ಮಾಸ್ ಒಪ್ಪಿತು. ಅದೇ ವರ್ಷದ ಕೊನೆಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1992ರ ಮೇ ತಿಂಗಳಲ್ಲಿ, ಕ್ಷಿಪಣಿ ತಂತ್ರಜ್ಞಾನ ಹರಡಬಾರದೆಂಬ ಕಾರಣವೊಡ್ಡಿ, ಅಮೆರಿಕ ಎರಡೂ ಸಂಸ್ಥೆಗಳ ಮೇಲೆ ಎರಡು ವರ್ಷಗಳ ನಿರ್ಬಂಧ ಹೇರಿತು. 1993ರಲ್ಲಿ ರಷ್ಯ ಮಣಿಯಿತು: ಸಿದ್ಧ ಎಂಜಿನ್ನುಗಳನ್ನು ಕೊಡುತ್ತೇವೆ, ವಿದ್ಯೆಯನ್ನು ಕೊಡಲಾರೆವು ಎಂದಿತು. ಅಮೆರಿಕದ ಮಾತಿಗೆ ಎದುರಾಡುವ ಎರಡನೆಯ ಧ್ರುವ ಆಗ ಇರಲಿಲ್ಲ. ನಾವು ಮಂಗಳೂರಿನ ಕೋಟೆಯ ಮುಂದಿನ ಟಿಪ್ಪುವಿನ ಸ್ಥಿತಿಯಲ್ಲಿದ್ದೆವು.

ಇಂಥದೇ ಕಥೆ ವಿಮಾನದ್ದೂ ಉಂಟು. ಅದರಲ್ಲಿ ತಪ್ಪು ಪರರದಷ್ಟೇ ಅಲ್ಲ. ಜರ್ಮನಿಯ ಪ್ರಸಿದ್ಧ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ನಮ್ಮವರೊಡನೆ ‘ಮಾರುತ್’ ಎಂಬ ಯುದ್ಧವಿಮಾನವನ್ನು ರೂಪಿಸಿದ. 1961ರ ಜೂನ್ 17ರಂದು ಅದು ಇಲ್ಲಿಯೇ ಮೊದಲು ಹಾರಿತು. ಶಬ್ದದ ಎರಡರಷ್ಟು ವೇಗ ಅದರ ಗುರಿ. ಒಡಲು ಅದಕ್ಕೆ ತಕ್ಕಂತೆ ಸಿದ್ಧವಾಯಿತು, ಎಂಜಿನ್ ಸಿಕ್ಕಲಿಲ್ಲ. ಬ್ರಿಟನ್ನಿನ ಹೆಚ್ಚು ಬಲದ ಎಂಜಿನ್ನನ್ನು ಅಭಿವೃದ್ಧಿಪಡಿಸುವ ಖರ್ಚನ್ನು ಕೊಡಲು ನಾವು ಹಿಂಜರಿದೆವು. ಸೋವಿಯತ್ ಎಂಜಿನ್ ಹೊಂದಲಿಲ್ಲ. ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಎಂಜಿನ್ನನ್ನು ಕೂಡ ಮಾರುತ್‌ಗೆ ಜೋಡಿಸಿ ಪರೀಕ್ಷಿಸಿದರು, ಆ ಯೋಜನೆಯೂ ನಿಂತಿತು. ನಾಲ್ಕು ದಿಕ್ಕಿಗೂ ಬಾಗಿಲುಗಳಿದ್ದುವು, ಯಾವ ಬಾಗಿಲಿನಿಂದಲೂ ಎಂಜಿನ್ ಬರಲಿಲ್ಲ. 147 ಮಾರುತ್‌ಗಳು ತಯಾರಾಗಿ, 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಒಳ್ಳೆಯ ಕೆಲಸ ಮಾಡಿದುವು. ಆದರೂ ಅದು ಕೊನೆಯವರೆಗೂ ತನ್ನ ಪೂರ್ಣಬಲವನ್ನು ಕಾಣದ ವಿಮಾನವಾಗಿಯೇ ಉಳಿಯಿತು.

ಆ ಪಾಠವನ್ನು ನಾವು ಇನ್ನೂ ಪೂರ್ತಿ ಕಲಿತಿಲ್ಲ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ವಿಮಾನದ ಎದೆಯೊಳಗಿರುವುದು ಅಮೆರಿಕದ ಎಂಜಿನ್. 1989ರಲ್ಲಿ ಆರಂಭವಾದ ನಮ್ಮ ‘ಕಾವೇರಿ’ ಎಂಜಿನ್ ಬೇಕಾದಷ್ಟು ಬಲ ಕೊಡದೆ, 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಲಾಯಿತು. 2021ರ ಫೆಬ್ರವರಿಯಲ್ಲಿ ಇದೇ ಯಲಹಂಕದ ಪ್ರದರ್ಶನದಲ್ಲಿ 83 ತೇಜಸ್‌ಗಳ ಕರಾರುಪತ್ರ ಕೈಬದಲಾಯಿತು. ಅದೇ ವರ್ಷ ಅವಕ್ಕಾಗಿ 99 ಎಂಜಿನ್ನುಗಳನ್ನು ಅಮೆರಿಕದಿಂದ ತರಿಸಲು ಒಪ್ಪಂದವಾಯಿತು. ಮೊದಲನೆಯದು ಬಂದುದು 2025ರ ಮಾರ್ಚಿನಲ್ಲಿ. ಅಷ್ಟರಲ್ಲಿ ನಮ್ಮ ಕಾರ್ಖಾನೆಯಲ್ಲಿ ವಿಮಾನದ ಒಡಲುಗಳು ಉಸಿರಿಗಾಗಿ ಕಾಯುತ್ತಿದ್ದುವು. ಇಲ್ಲಿ ಯಾರ ಹಗೆತನವೂ ಇರಲಿಲ್ಲ. ಸ್ನೇಹಿತರಲ್ಲಿಯೂ ತಡವಾಗಬಹುದು, ಕಾಯಬೇಕಾದವರು ಮಾತ್ರ ನಾವು.

ಕ್ರಯೋಜೆನಿಕ್ ಎಂಜಿನ್ನಿನ ಕಥೆ ಬೇರೆ ದಾರಿ ಹಿಡಿಯಿತು. ವಿದ್ಯೆ ಸಿಗದಿದ್ದಾಗ ನಮ್ಮ ವಿಜ್ಞಾನಿಗಳು ಅದನ್ನು ತಾವೇ ಕಲಿಯಲು ಕುಳಿತರು. ರಷ್ಯದಿಂದ ಬಂದ ಸಿದ್ಧ ಎಂಜಿನ್ನುಗಳನ್ನು ಬಳಸಿ 2001ರಿಂದ ರಾಕೆಟ್ ಹಾರಿಸುತ್ತಲೇ, ಪಕ್ಕದಲ್ಲಿ ಸ್ವಂತದ್ದನ್ನು ಕಟ್ಟಿದರು. 2010ರ ಏಪ್ರಿಲ್ 15ರಂದು ಮೊದಲ ಪ್ರಯತ್ನ ಸೋತಿತು. 2014ರ ಜನವರಿ 5ರಂದು ಗೆದ್ದಿತು. ಬಾಗಿಲು ಮುಚ್ಚಿದುದು 1993ರಲ್ಲಿ. ನಡುವೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ. ಒಬ್ಬ ಎಂಜಿನಿಯರನ ನಡುಹರೆಯವೆಲ್ಲ ಅದರಲ್ಲಿ ಕಳೆದುಹೋಗುತ್ತದೆ.

ಇನ್ನು ಮುಂದಿನದನ್ನು ಕೇಳಿ. ಭೂಮಿಯ ಮೇಲ್ಮೈಯ ಅಲುಗಾಟವನ್ನು ಅಳೆಯುವ ‘ನಿಸಾರ್’ ಎಂಬ ಉಪಗ್ರಹವನ್ನು ಅಮೆರಿಕದ ನಾಸಾ ಮತ್ತು ನಮ್ಮ ಇಸ್ರೊ ಸೇರಿ ನಿರ್ಮಿಸಿದುವು. ಒಂದು ರಾಡಾರ್ ಅವರದು, ಇನ್ನೊಂದು ನಮ್ಮದು. ಅಂತಿಮ ಜೋಡಣೆ ನಡೆದುದು ಬೆಂಗಳೂರಿನಲ್ಲಿ. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಅದನ್ನು ಒಯ್ದ ಜಿಎಸ್‌ಎಲ್‌ವಿ ರಾಕೆಟ್ಟಿನ ಮೇಲಿನ ಹಂತದಲ್ಲಿದ್ದುದು ನಮ್ಮದೇ ಕ್ರಯೋಜೆನಿಕ್ ಎಂಜಿನ್. ಯಾವ ವಿದ್ಯೆ ನಮಗೆ ದಕ್ಕಬಾರದೆಂದು ಅಮೆರಿಕ ತಡೆದಿತ್ತೋ, ಮೂರು ದಶಕಗಳ ಬಳಿಕ ಅದೇ ವಿದ್ಯೆಯ ಮೇಲೆ ನಂಬಿಕೆಯಿಟ್ಟು ತನ್ನ ಬೆಲೆಬಾಳುವ ರಾಡಾರನ್ನು ಏರಿಸಿತು. ಈ ಮಾತನ್ನು ನಾನು ಮೀಸೆ ತಿರುವುವುದಕ್ಕಾಗಿ ಹೇಳುತ್ತಿಲ್ಲ. ಕೈಯಲ್ಲಿ ಸ್ವಂತದ್ದೊಂದು ಇದ್ದಾಗ ಸ್ನೇಹವೂ ಸಮಾನರ ಸ್ನೇಹವಾಗುತ್ತದೆ ಎಂಬುದಷ್ಟೇ ಇದರ ತಾತ್ಪರ್ಯ.

ಆದರೂ ಶ್ರೋತೃಗಳು ಕೇಳಬಹುದು: ಎಂಜಿನ್ನುಗಳ ಮಾತು ಸರಿ, ನಮ್ಮ ಮನೆಗೂ ಇದಕ್ಕೂ ಏನು ಸಂಬಂಧ? 2022ರ ಮಾರ್ಚಿನಲ್ಲಿ ನಮ್ಮ ನಾಡಿನ ಒಬ್ಬ ವೈದ್ಯವಿದ್ಯಾರ್ಥಿ ಉಕ್ರೇನಿನ ಖಾರ್ಕಿವ್ ನಗರದಲ್ಲಿ ಷೆಲ್ ದಾಳಿಗೆ ಬಲಿಯಾದ. ಆ ಯುದ್ಧದಲ್ಲಿ ಅವನದೇನೂ ಪಾಲಿರಲಿಲ್ಲ. 2025ರಲ್ಲಿ, ಭಾರತ ರಷ್ಯದಿಂದ ತೈಲ ಕೊಳ್ಳುತ್ತಿದೆಯೆಂಬ ಕಾರಣ ಹೇಳಿ ಅಮೆರಿಕ ಮೊದಲಿದ್ದ ಸುಂಕದ ಮೇಲೆ ಇನ್ನೊಂದು ಸುಂಕ ಹೇರಿತು. ಆಗಸ್ಟ್ 27ರಿಂದ ನಮ್ಮ ಅನೇಕ ಸರಕುಗಳ ಮೇಲಿನ ಸುಂಕ ಶೇಕಡ 50ಕ್ಕೆ ಏರಿತು. ಬೆಳಗಿನ ಹೊತ್ತು ಪೀಣ್ಯದ ಕಡೆ ಹೋದವರು, ಊಟದ ಡಬ್ಬಿ ಹಿಡಿದು ಗಾರ್ಮೆಂಟ್ಸ್ ಕಾರ್ಖಾನೆಗಳತ್ತ ಬಿರಬಿರನೆ ನಡೆಯುವ ಹೆಣ್ಣುಮಕ್ಕಳನ್ನು ನೋಡಿರಬಹುದು. ಅಮೆರಿಕದ ಅಂಗಡಿಗಳಿಗೆ ಅಂಗಿ ಹೊಲಿಯುವ ಕೆಲಸವೂ ಅವರದು. ತೈಲ ಕೊಂಡವರು ಅವರಲ್ಲ, ಸುಂಕ ಹಾಕಿದವರೂ ಅವರಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಚೀನ ಅಪರೂಪದ ಲೋಹಗಳ ಅಯಸ್ಕಾಂತಗಳ ರಫ್ತನ್ನು ಬಿಗಿಗೊಳಿಸಿದಾಗ ವಿದ್ಯುತ್ ವಾಹನ ತಯಾರಿಸುವವರು ಪರದಾಡಿದರು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಮ್ಮಲ್ಲಿದೆ. ಧ್ರುವಗಳು ಹೆಚ್ಚಿದರೆ ಜಗಳಗಳೂ ಹೆಚ್ಚಬಹುದು. ಕೂಸಿನ ಪಾಡೇನು ಎಂಬುದನ್ನು ಹಿರಿಯರು ಯೋಚಿಸಬೇಕಾಗುತ್ತದೆ.

ಇನ್ನೊಂದು ಮಾತು, ಸ್ವಲ್ಪ ಕಹಿಯಾದುದು. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಉಕ್ರೇನಿನ ಮೇಲಿನ ಆಕ್ರಮಣವನ್ನು ಖಂಡಿಸಿದಾಗ 141 ದೇಶಗಳು ಪರವಾಗಿ, 5 ವಿರೋಧವಾಗಿ ಮತ ಹಾಕಿದುವು. 35 ದೇಶಗಳು ತಟಸ್ಥವಾಗಿದ್ದುವು. ಭಾರತ ಆ 35ರಲ್ಲಿ ಒಂದು. ನಮ್ಮ ಸೈನ್ಯದ ಎಷ್ಟೋ ಉಪಕರಣಗಳ ಬಿಡಿಭಾಗಗಳು ರಷ್ಯದಿಂದ ಬರಬೇಕು. ಉಕ್ರೇನಿನಲ್ಲಿ ಸಿಕ್ಕಿಬಿದ್ದ ನಮ್ಮ ಸಾವಿರಾರು ವಿದ್ಯಾರ್ಥಿಗಳು ಆಗಿನ್ನೂ ಮನೆ ಸೇರಿರಲಿಲ್ಲ. ಈ ಕಾರಣಗಳನ್ನು ನಾನು ಹಗುರವೆಂದು ತಿಳಿಯುವುದಿಲ್ಲ. ಆದರೆ ಯಾರ ಪಕ್ಷಕ್ಕೂ ಸೇರದಿರುವ ಸ್ವಾತಂತ್ರ್ಯವು ನ್ಯಾಯದ ಪಕ್ಷವನ್ನು ಹೇಳಲಾಗದ ಮೌನವಾಗಿ ತಿರುಗಿದರೆ, ಅದನ್ನು ಸ್ವಾತಂತ್ರ್ಯವೆಂದು ಕರೆಯುವುದು ಕಷ್ಟ. ಬಿಡಿಭಾಗಕ್ಕಾಗಿ ಕೈಚಾಚಿದವನ ನಾಲಗೆಯೂ ಅರ್ಧ ಕಟ್ಟಿರುತ್ತದೆ. ಸ್ವಂತ ಬಲ ಬೇಕಾಗಿರುವುದು ಗೆಲ್ಲುವುದಕ್ಕೆ ಮಾತ್ರವಲ್ಲ, ಸರಿಯಾದುದನ್ನು ಅಳುಕಿಲ್ಲದೆ ನುಡಿಯುವುದಕ್ಕೂ ಬೇಕು.

ಹಾಗೆಂದು ಎಲ್ಲ ಬಾಗಿಲುಗಳನ್ನೂ ಮುಚ್ಚಿಕೊಂಡು ಕೂರಬೇಕೆಂದು ನಾನು ಹೇಳುತ್ತಿಲ್ಲ. ಆರ್ಯಭಟವನ್ನು ಕಟ್ಟಿದವರು ಸೋವಿಯತ್ ರಾಕೆಟ್ಟನ್ನು ಬೇಡವೆನ್ನಲಿಲ್ಲ. ಬೇಡವೆಂದಿದ್ದರೆ ಉಪಗ್ರಹ ಪೀಣ್ಯದ ಶೆಡ್ಡಿನಲ್ಲೇ ಉಳಿಯುತ್ತಿತ್ತು. ಅವರ ವಿವೇಕವಿದ್ದುದು ಬೇರೆಡೆ: ಸವಾರಿಯನ್ನು ಇನ್ನೊಬ್ಬರಿಂದ ಪಡೆದರು, ಉಪಗ್ರಹ ಕಟ್ಟುವ ವಿದ್ಯೆಯನ್ನು ತಮ್ಮ ಕೈಯಲ್ಲಿ ಉಳಿಸಿಕೊಂಡರು. ಹೊರಗಿನಿಂದ ಒಂದು ವಸ್ತು ಬಂದಾಗ ನಾವು ಕೇಳಬೇಕಾದ ಪ್ರಶ್ನೆಗಳು ಎರಡು. ಇದು ನಾಳೆ ನಿಂತರೆ ನಮ್ಮಲ್ಲಿ ಏನು ಉಳಿಯುತ್ತದೆ? ಇದು ಇರುವಾಗ ನಾವೇನನ್ನು ಕಲಿಯುತ್ತಿದ್ದೇವೆ? ಧ್ರುವಗಳು ಹಲವಾಗಿರುವುದರಿಂದ ಚೌಕಾಸಿ ಮಾಡಲು ನಮಗೆ ಅವಕಾಶ ದೊರೆತಿದೆ. ಆ ಅವಕಾಶದಲ್ಲಿ ಕಲಿಯಲು ಬೇಕಾದ ಕಾಲವನ್ನು ಸಂಪಾದಿಸಿಕೊಂಡರೆ ಅದು ಲಾಭ. ಬರಿಯ ಅಂಗಡಿ ಬದಲಾಯಿಸಿದರೆ, ಸಾಲ ಕೊಟ್ಟವನ ಹೆಸರು ಬದಲಾದಂತೆ ಅಷ್ಟೆ.

ಧ್ರುವನ ಕಥೆಯಲ್ಲಿ ಮಲತಾಯಿ ತಡೆದ ಮೇಲೆ ಹುಡುಗ ಇನ್ನೊಬ್ಬ ರಾಜನ ತೊಡೆಯನ್ನು ಹುಡುಕಿಕೊಂಡು ಹೋಗಲಿಲ್ಲ ಎಂಬುದು ನನಗೆ ಈಚೆಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ಮುಂದೊಂದು ಫೆಬ್ರವರಿಯಲ್ಲಿ ಯಲಹಂಕದ ಮೇಲೆ ಮತ್ತೆ ಆ ಗುಡುಗು ಕೇಳಿಸುತ್ತದೆ. ಆಗ ದಾರಿಯಲ್ಲಿ ನಿಂತು ನೋಡುವ ಮಕ್ಕಳು ‘ಅದು ಯಾರದು ವಿಮಾನ?’ ಎಂದು ಕೇಳಿದರೆ, ಹೆಸರು ಹೇಳಿ ಸುಮ್ಮನಾಗಬೇಡಿ. ಅದರೊಳಗಿನ ಎಂಜಿನ್ ಯಾರದೆಂಬುದನ್ನೂ ಹೇಳಿ. ಆ ಮಕ್ಕಳಲ್ಲಿ ಒಂದಿಬ್ಬರಾದರೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಾರು.



(ಬಾನುಲಿ ಭಾಷಣದ ಬರಹರೂಪ)